ಸರದಿಗೆ ಎಂಟಾಣೆ

ನಮ್ಮೂರಲ್ಲಿ ಯಾರೂ ಪೂರ್ವದ ಗೋಡೆಗೆ ಮೊಳೆ ಹೊಡೆಯುವುದಿಲ್ಲ. ಕ್ಯಾಲೆಂಡರು, ದೇವರ ಪಟ, ಮದುವೆಯ ಫೋಟೋ ಎಲ್ಲ ಮಿಕ್ಕ ಮೂರು ಗೋಡೆಗಳ ಪಾಲು. ಪೂರ್ವದ್ದು ಊರಿನದು. ಮೂರು ಜನಕ್ಕೆ ಕೇಳಿಸುವ ಹಾಗೆ ಯಾರಾದರೂ ಯಾರಿಗಾದರೂ ಏನನ್ನಾದರೂ 'ಕೊಟ್ಟೆ' ಅಂದರೆ, ಆ ಮಾತು ಊರಿನ ಅಷ್ಟೂ ಮನೆಗಳ ಪೂರ್ವದ ಗೋಡೆಯ ಮೇಲೆ ಒಂದೇ ಉಸಿರಿಗೆ ಮೂಡುತ್ತದೆ. ಮೂಡುವಾಗ ಹಸಿ ಕೆಮ್ಮಣ್ಣಿನ ಬಣ್ಣ, ಒಣಗಿದ ಮೇಲೆ ಬೂದಿ ಬಣ್ಣ. ಹೊಸ ಸಾಲು ಕೆಳಗೆ ಬಂದಂತೆ ಹಳೆಯವು ಮೇಲಕ್ಕೆ ಸರಿದು ಸಣ್ಣಗಾಗುತ್ತವೆ. ಮುತ್ತಜ್ಜ ಯಾರಿಗೆ ಕರು ಕೊಟ್ಟ ಅಂತ ನೋಡಬೇಕಾದರೆ ಏಣಿ ಹಾಕಿ ತೊಲೆಯ ಹತ್ತಿರ ಭೂತಗನ್ನಡಿ ಹಿಡಿಯಬೇಕು. ಸುಣ್ಣ ಬಳಿದರೆ ಸುಣ್ಣದ ಮೇಲೆ ಮೂಡುತ್ತದೆ, ಬೀರು ಅಡ್ಡ ಇಟ್ಟರೆ ಬೀರುವಿನ ಮೇಲೆ.

ಅದಕ್ಕೆ ತಕ್ಕ ಹಾಗೆ ನಾವೂ ಬಾಳುವುದು ಕಲಿತಿದ್ದೇವೆ. ಹೆಣ್ಣು ನೋಡಲು ಹೋಗುವವರು ತಮ್ಮ ಮನೆಯಲ್ಲೇ ಕೂತು ಹೆಣ್ಣಿನ ಕಡೆಯವರ ಮೂರು ತಲೆಮಾರು ಓದಿಕೊಂಡು ಹೋಗುತ್ತಾರೆ. ನಾನು ಹುಡುಗನಾಗಿದ್ದಾಗ ಒಬ್ಬಾತ ಬಸ್ ಸ್ಟ್ಯಾಂಡಿನಲ್ಲಿ ಜಗಳದ ಭರಕ್ಕೆ, "ನಿನಗೆ ನನ್ನ ಮನಸ್ಸನ್ನೇ ಕೊಟ್ಟೆನಲ್ಲೇ!" ಎಂದು ಕೂಗಿಬಿಟ್ಟ. ನಾಲ್ಕು ಜನ ಕೇಳಿಸಿಕೊಂಡರು. ಹುಡುಗಿಯ ಅಪ್ಪ ಮನೆಯಲ್ಲಿ ಊಟಕ್ಕೆ ಕೂತಿದ್ದವರು ಎದುರಿನ ಗೋಡೆ ನೋಡಿ ತುತ್ತು ಹಾಗೇ ಕೈಯಲ್ಲಿ ಹಿಡಿದುಕೊಂಡರಂತೆ. ಊರಿಗೆಲ್ಲ ಗೊತ್ತಾದ ಮೇಲೆ ಮಾಡುವುದೇನು, ಲಗ್ನ ಮಾಡಿಸಿದರು. ಆ ಜೋಡಿಯ ಮೊಮ್ಮಗಳು ಈಗ ನನ್ನ ಗಿರಣಿಗೆ ರಾಗಿ ತರುತ್ತಾಳೆ.

ಕೊಟ್ಟದ್ದು ಅಳಿಯುವುದಿಲ್ಲ ಅಂದ ಮೇಲೆ ಸಣ್ಣದನ್ನು ಕೊಡಲು ನಾಚಿಕೆ. ಮದುವೆಗೆ ಎರಡು ರೂಪಾಯಿ ಮುಯ್ಯಿ ಮಾಡಿದವನ ಎರಡು ರೂಪಾಯಿ ಅವನ ಮರಿಮಕ್ಕಳ ಕಾಲಕ್ಕೂ ಎರಡೇ ರೂಪಾಯಿ. ಹಿರಿಯರು ಇದಕ್ಕೆ ಒಂದು ಉಪಾಯ ಮಾಡಿದ್ದರು. ಅದಕ್ಕೆ ಒಂದೇ ಕೈ ಅನ್ನುತ್ತೇವೆ. ಕೇರಿಗೊಬ್ಬ ನಂಬಿಕಸ್ತ. ಕೇರಿಯವರೆಲ್ಲ ತಮ್ಮ ಕೈಲಾದದ್ದನ್ನು ಸದ್ದಿಲ್ಲದೆ ಅವನ ಡಬ್ಬಿಗೆ ಹಾಕುವುದು, ಅವನು ಎಲ್ಲವನ್ನೂ ಕೂಡಿಸಿ ಮೂರು ಜನದ ಎದುರು ಒಂದೇ ಮಾತಿಗೆ 'ಕೊಟ್ಟೆ' ಅನ್ನುವುದು. ಗೋಡೆಯ ಮೇಲೆ ದೊಡ್ಡ ಮೊತ್ತ, ಒಂದೇ ಹೆಸರು, ಯಾರಿಗೂ ಮುಜುಗರವಿಲ್ಲ. ನಮ್ಮ ಗಿರಣಿ ಬೀದಿಗೆ ಆ ಕೈ ನನ್ನದು. ನನಗಿಂತ ಮೊದಲು ನಮ್ಮಪ್ಪನದು. ಗಿರಣಿಯ ಸದ್ದಿನಲ್ಲಿ ಬೆಳೆದವರಿಗೆ ಮಾತು ಕಡಿಮೆ. ಯಾರು ಎಷ್ಟು ಹಾಕಿದರು ಅನ್ನುವುದು ನಮ್ಮ ಬಾಯಿಂದ ಹೊರಗೆ ಬೀಳುವುದಿಲ್ಲ ಅನ್ನುವ ನಂಬಿಕೆ.

ಅಪ್ಪನಿಗೆ ಮಾತು ಕಡಿಮೆ ಇದ್ದರೂ ಪದ್ಯ ಬಹಳ. ಚಿಕ್ಕತಿಮ್ಮಯ್ಯ ಅಂತ ಹೆಸರು. ಗಿರಣಿಯ ಬೆಲ್ಟು 'ದಡಕ್ ದಡಕ್' ಅನ್ನುವುದಕ್ಕೆ ಸರಿಯಾಗಿ ಷಟ್ಪದಿ ಹೇಳುತ್ತಿದ್ದರು. ಮೂರನೇ ಸಾಲೂ ಆರನೇ ಸಾಲೂ ಉದ್ದ ಬರುತ್ತವಲ್ಲ, ಅಲ್ಲಿ ಕಾಳು ಸುರಿಯುವ ಕೈಯೂ ಒಂದು ಗಳಿಗೆ ನಿಧಾನ. ಜನ ಸರದಿಗೆ ನಿಲ್ಲುತ್ತಿರಲಿಲ್ಲ. ಡಬ್ಬ ತಂದಿಟ್ಟವರಿಗೆ ಅಪ್ಪ, "ನಿಮಗೆ ಹದಿನಾಲ್ಕನೇ ಪದ್ಯ ಕಣಮ್ಮ," ಅನ್ನುತ್ತಿದ್ದರು. ಅವರು ಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕುತ್ತಾ ಕಿವಿ ಇತ್ತ ಇಟ್ಟಿರುತ್ತಿದ್ದರು. ಹನ್ನೆರಡು ಕೇಳಿಸಿತು, ಹದಿಮೂರು ಕೇಳಿಸಿತು, ಸೆರಗಿಗೆ ಕೈ ಒರೆಸಿಕೊಂಡು ಹೊರಟರೆ ಹದಿನಾಲ್ಕಕ್ಕೆ ಸರಿಯಾಗಿ ಗಿರಣಿಯ ಬಾಗಿಲಲ್ಲಿ. ನಮ್ಮ ಬೀದಿಯ ಹೆಂಗಸರಿಗೆಲ್ಲ ಸಂಧಿಗೆ ಸಂಧಿಯೇ ಬಾಯಿಗೆ ಬರುತ್ತಿದ್ದದ್ದು ಹೀಗೆ. ನಾನು ಹಿಟ್ಟಿನ ಚೀಲಕ್ಕೆ ಒರಗಿಕೊಂಡು ಕೇಳುತ್ತಿದ್ದೆ. ಕೇಳುವುದೊಂದೇ ನನಗೆ ಬಂದದ್ದು. ಅಪ್ಪ ಹೋದ ಮೇಲೆ ಹೇಳಲು ಒಂದೆರಡು ಸಲ ಬಾಯಿ ತೆರೆದೆ, ಗಂಟಲು ಕಟ್ಟಿತು, ಬಿಟ್ಟೆ.

ಪದ್ಯ ನಿಂತದ್ದೇ ಡಬ್ಬಗಳ ಸಾಲು ಶುರುವಾಯಿತು. ಡಬ್ಬ ಹಿಂದೆ ಮುಂದೆ ಮಾಡಿದ್ದಕ್ಕೆ ಜಗಳ, ಜಗಳ ಬಿಡಿಸುವುದಕ್ಕೆ ನಾನು. ಸಂಜೆ ಮೈದಾನದ ಮಂಟಪದಲ್ಲಿ ವರದಯ್ಯನವರ ಕಾವ್ಯವಾಚನ ನಡೆಯುತ್ತದೆ. ನನ್ನ ಮಟ್ಟಿಗೆ ಪೂಜೆ ಅಂದರೆ ಅದೇ. ಏಳು ವರ್ಷ ನಾನು ಅಲ್ಲಿಗೆ ತಲುಪುವ ಹೊತ್ತಿಗೆ ಮಂಗಳಾರತಿಯ ತಟ್ಟೆ ತೊಳೆಯುತ್ತಿದ್ದರು.

ಆಮೇಲೆ ಬಂದದ್ದು 'ಸರದಿ'. ಫೋನಿನೊಳಗಿನ ಒಂದು ಸಣ್ಣ ಪ್ರೋಗ್ರಾಂ. ಡಬ್ಬ ಇಟ್ಟು ಫೋನಿನಲ್ಲಿ ಹೆಸರು ಹಚ್ಚಿ ಮನೆಗೆ ಹೋದರೆ, ಮುಂದೆ ಇಬ್ಬರಿರುವಾಗ ಒಂದು ಸಲ ಟಿಂಗ್ ಅನ್ನುತ್ತದೆ, ಒಬ್ಬರಿರುವಾಗ ಎರಡು ಸಲ. ಮೊದಲು ಗಿರಣಿಗೆ ಬಂತು, ಆಮೇಲೆ ಕ್ಷೌರದ ಅಂಗಡಿಗೆ, ಆಸ್ಪತ್ರೆಗೆ, ನಲ್ಲಿಗೆ. ಬರೆದವರು ವನಜಾಕ್ಷಮ್ಮ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ತಂತಿ ಚುಚ್ಚಿ ಜನಕ್ಕೆ ಜನ ಸೇರಿಸಿದವರು. ಅವರಿಗೆ ಪಿಂಚಣಿ ಮಂಜೂರಾಗಿದೆ, ಆದರೆ ನಕ್ಷೆಯಲ್ಲಿಲ್ಲದ ಊರಿಗೆ ಕಳಿಸುವುದು ಹೇಗೆ ಅಂತ ಕಚೇರಿಯವರು ಇನ್ನೂ ಯೋಚಿಸುತ್ತಿದ್ದಾರೆ. ಹಗಲೆಲ್ಲ ಸೀರೆಗೆ ಫಾಲ್ಸ್ ಹಾಕಿ ಪೀಕೋ ಹೊಡೆಯುತ್ತಾರೆ, ಉಳಿದ ಹೊತ್ತಿನಲ್ಲಿ ಸರದಿ ರಿಪೇರಿ. ಒಂದು ಫೋನು ಹೊಸದಾದರೆ ಸರದಿ ಮುನಿಸಿಕೊಳ್ಳುತ್ತದೆ, ಆಸ್ಪತ್ರೆಯವರು ಬಾಗಿಲು ಬಡಿಯುತ್ತಾರೆ, "ವನಜಕ್ಕಾ, ಟಿಂಗ್ ಅಂತಿಲ್ಲ!" ಯಾರೂ ಒಂದು ಕಾಸು ಕೊಟ್ಟದ್ದಿಲ್ಲ, ಅವರು ಕೇಳಿದ್ದೂ ಇಲ್ಲ.

ಕಳೆದ ವರ್ಷ ಒಂದು ಹುಡುಗಿ ಬಂದಿದ್ದಳು. ನಮ್ಮೂರಿಗೆ ಬರುವವರೆಲ್ಲ ದಾರಿ ತಪ್ಪಿಯೇ ಬರುತ್ತಾರೆ, ಇವಳೂ ಹಾಗೇ. ವನಜಾಕ್ಷಮ್ಮನವರ ಮಹಡಿಯಲ್ಲಿ ಎರಡು ದಿನ ಇಳಿದುಕೊಂಡಳು. ಗೋಡೆಯ ಮುಂದೆ ಕೂತವಳು ಕಾಫಿ ಆರಿಹೋದರೂ ಏಳಲಿಲ್ಲವಂತೆ.

"ಆಂಟೀ, ಇದು ಬ್ಲಾಕ್‌ಚೈನ್!"

"ಅಲ್ಲಮ್ಮ, ಇದು ಗೋಡೆ," ಅಂದರಂತೆ ವನಜಾಕ್ಷಮ್ಮ.

ಅವಳ ಕಡೆ ಇಂಥದೊಂದು ಗೋಡೆ ಮಾಡಲು ಸಾವಿರಾರು ಕಂಪ್ಯೂಟರುಗಳು ಹಗಲೂ ರಾತ್ರಿ ಒಂದನ್ನೊಂದು ಕೇಳಿಕೊಂಡು ಬರೆಯಬೇಕಂತೆ. ಬರೆದದ್ದನ್ನು ಅಲ್ಲೂ ಯಾರೂ ಅಳಿಸುವಂತಿಲ್ಲವಂತೆ. ಎಲ್ಲರಿಗೂ ಬಿಟ್ಟುಕೊಟ್ಟ ಸಾಫ್ಟ್‌ವೇರ್ ಬರೆಯುವವರಿಗೆ ಅಂಥ ಗೋಡೆಯ ಮೇಲೆ ಊರೂರಿನ ಜನ ಪುಡಿಗಾಸು ಹಾಕುತ್ತಾರಂತೆ, ಎಷ್ಟು ಜನ ಹಾಕಿದರು ಅಂತ ನೋಡಿ ದೊಡ್ಡ ಹುಂಡಿಯೊಂದು ತನ್ನ ಪಾಲು ಸೇರಿಸುತ್ತದಂತೆ. "ನಿಮ್ಮ ಸರದಿಯ ಕೋಡ್ ಯಾರು ಬೇಕಾದರೂ ನೋಡಬಹುದಾ ಆಂಟಿ?" ಎಂದು ಕೇಳಿದ್ದಕ್ಕೆ ಇವರು, "ಮುಚ್ಚಿಡೋಕೆ ಅದೇನು ಉಪ್ಪಿನಕಾಯಿನಾ?" ಅಂದರಂತೆ. ಹುಡುಗಿ ಹೋಗುವ ಮುಂಚೆ ಊರಿನ ಹಿರಿಯರ ಹತ್ತಿರ ಒಂದು ಮಧ್ಯಾಹ್ನವಿಡೀ ಮಾತಾಡಿದಳು. ಅದರ ಫಲವಾಗಿ ನಮ್ಮ ಕಣಜದ ನಿಯಮ ಬದಲಾಯಿತು.

ಕಣಜ ಅಂದರೆ ಸಂತೆಯ ಸುಂಕ ವರ್ಷವಿಡೀ ಬಂದು ಬೀಳುವ ಊರ ಹುಂಡಿ. ವರ್ಷಕ್ಕೊಮ್ಮೆ, ಕಾವ್ಯವಾಚನದ ಕೊನೆಯ ದಿನ ಮಂಟಪದಲ್ಲಿ ದೀಪ ಹಚ್ಚುವ ಹೊತ್ತಿಗೆ, ಅದು ಊರಿನ ಕೆಲಸಗಳಿಗೆ ತನ್ನನ್ನು ಹಂಚುತ್ತದೆ. ಮೊದಲೆಲ್ಲ ಯಾವ ಕೆಲಸಕ್ಕೆ ಜನ ಹೆಚ್ಚು ಹಣ ಕೊಟ್ಟರೋ ಅದಕ್ಕೆ ಕಣಜವೂ ಹೆಚ್ಚು ಕೊಡುತ್ತಿತ್ತು. ಹಾಗಾಗಿ ಹಣವಂತರು ಬಯಸಿದ್ದೇ ಆಗುತ್ತಿತ್ತು. ಹೊಸ ನಿಯಮ ಬೇರೆ: ಕೊಟ್ಟ ಹಣ ನೋಡುವುದಿಲ್ಲ, ಕೊಟ್ಟ ತಲೆ ಎಣಿಸುತ್ತದೆ. ಒಬ್ಬ ಸಾವಿರ ಕೊಟ್ಟರೂ ಒಂದು ತಲೆ. ಇದನ್ನೂ ಮೂರು ಜನದ ಎದುರು "ಊರಿಗೆ ಈ ನಿಯಮ ಕೊಟ್ಟೆವು" ಎಂದು ಹೇಳಿ ಗೋಡೆಗೆ ಏರಿಸಿದ್ದರಿಂದ ಇನ್ನು ಬದಲಿಸುವ ಹಾಗಿಲ್ಲ. ಗೋಡೆಯ ಮೇಲೆ ಬಂದದ್ದನ್ನೆಲ್ಲ ನಾವು ಓದುತ್ತೇವೆ. ಓದಿದ್ದೆಲ್ಲ ತಲೆಗೆ ಹೋಗುತ್ತದೆ ಅಂತಲ್ಲ.

ಈ ವರ್ಷ ಕಣಜದ ಮುಂದೆ ಎರಡೇ ಕೆಲಸ. ಒಂದು, ಅಕ್ಕಿ ಮಂಡಿ ಪಂಚಾಕ್ಷರಪ್ಪನವರ ಸ್ವಾಗತ ಕಮಾನು. ಯಾರೂ ಬೇಕೆಂದು ಬಾರದ ಊರಿಗೆ ಸ್ವಾಗತ ಕಮಾನು ಯಾಕೆ ಅಂದರೆ, "ದಾರಿ ತಪ್ಪಿ ಬಂದೋರಿಗಾದ್ರೂ ಬಂದದ್ದು ಸಾರ್ಥಕ ಅನ್ನಿಸ್ಬೇಕಲ್ಲಯ್ಯ," ಅನ್ನುತ್ತಾರೆ. ಇನ್ನೊಂದು, ಸರದಿ. ಅದನ್ನು ಕಣಜದ ಮುಂದೆ ಇಡಿಸಿದ್ದು ನನ್ನ ಹೆಂಡತಿ ನಾಗು. ಯಾಕೆಂದರೆ ವಿಷಯ ಗೊತ್ತಾಗಿತ್ತು: ಪಕ್ಕದ ಪೇಟೆಯ ಒಂದು ಕಂಪನಿ ವನಜಾಕ್ಷಮ್ಮನವರಿಗೆ ಕಾಗದ ಬರೆದಿದೆ, ಸರದಿಯನ್ನು ನಮಗೆ ಮಾರಿ, ನೀವೂ ಬಂದು ಇಲ್ಲೇ ಕೆಲಸ ಮಾಡಿ ಅಂತ. ಮಾರಿದರೆ ಸರದಿಗೆ ಬೀಗ. ಪ್ರತಿ ಟಿಂಗ್‌ಗೂ ಟಿಕೇಟು. ವನಜಾಕ್ಷಮ್ಮನವರ ಕಣ್ಣುಗಳು ಪೀಕೋ ಹೊಡೆದು ಹೊಡೆದು ಸೋತಿದ್ದವು. ಕಣಜದಿಂದ ಒಂದು ವರ್ಷದ ಊಟ ಬಟ್ಟೆಗಾಗುವಷ್ಟು ಬಂದರೆ ಇರುತ್ತೇನೆ, ಇಲ್ಲದಿದ್ದರೆ ಮಾರನೆಯ ಬೆಳಗಿನ ಬಸ್ಸು ಅಂತ ಹೇಳಿಬಿಟ್ಟಿದ್ದರು. ಬೇಸರದಿಂದ ಹೇಳಿದ್ದಲ್ಲ, ಅವರು ಬೇಸರ ಮಾಡಿಕೊಳ್ಳುವ ಹೆಂಗಸೇ ಅಲ್ಲ.

ನಾನು ಬಾಯಿ ಬಿಟ್ಟು ಯಾರಿಗೂ ಹೇಳಲಿಲ್ಲ, ಆದರೆ ಆ ವಾರ ನನಗೆ ಅನ್ನ ಸೇರಲಿಲ್ಲ. ಸರದಿ ಹೋದರೆ ಮತ್ತೆ ಡಬ್ಬಗಳ ಸಾಲು, ಮತ್ತೆ ಜಗಳ. ವರದಯ್ಯನವರ ಮೊದಲ ಆಲಾಪನೆ ಕೇಳಿಸುವ ಆ ಗಳಿಗೆಯನ್ನು ಅಪ್ಪ ಹೋದ ಮೇಲೆ ನನಗೆ ವಾಪಸು ತಂದುಕೊಟ್ಟದ್ದು ವನಜಾಕ್ಷಮ್ಮ. ಒಂದು ದಿನವೂ ಅವರಿಗೆ ಹಾಗೆ ಹೇಳಿರಲಿಲ್ಲ.

ಹಾಗಾಗಿ ಡಬ್ಬಿ ಹಿಡಿದೆ. ನಮ್ಮ ಬೀದಿಯೊಂದೇ ಅಲ್ಲ, ಉಳಿದ ಬೀದಿಯವರೂ ತಮ್ಮ ಕೈಗಳ ಮೂಲಕ ನನ್ನ ಕೈಗೇ ತಂದು ಕೊಟ್ಟರು. ಇನ್ನೂರ ಹನ್ನೆರಡು ಜನ. ಕ್ಷೌರಿಕರು ಎರಡು ದಿನದ ಸಂಪಾದನೆ ಹಾಕಿದರು. ಆಸ್ಪತ್ರೆಯ ಆಯಾ ಕಿವಿಯ ಓಲೆ ಬಿಚ್ಚಲು ಹೋದಳು, ಬೇಡ ಅಂದೆ. ಕೊನೆಯ ದಿನಕ್ಕೆ ಒಂದು ದಿನ ಮೊದಲು ಮಂಟಪದ ಮೆಟ್ಟಿಲ ಮೇಲೆ ನಿಂತು ಮೂವರ ಎದುರು, "ಸರದಿಗೆ ಹನ್ನೊಂದು ಸಾವಿರದ ನಾನೂರು ರೂಪಾಯಿ ಕೊಟ್ಟೆ," ಅಂದೆ. ನನ್ನ ಜೀವಮಾನದಲ್ಲಿ ನನ್ನ ಬಾಯಿಂದ ಬಂದ ಅತಿ ದೊಡ್ಡ ಮಾತು. ಮನೆಗೆ ಬಂದು ಹೊಟ್ಟೆ ತುಂಬ ಉಂಡೆ.

ಬೆಳಿಗ್ಗೆ ಎಬ್ಬಿಸಿದ್ದು ನಾಗು. "ಏಳ್ರೀ! ಗೋಡೆ ನೋಡಿ ಇಲ್ಲಿ."

ಕೊನೆಯ ದಿನ ಕಣಜದ ಎಣಿಕೆ ಗೋಡೆಯ ಬುಡದಲ್ಲಿ ತಾನಾಗಿಯೇ ಬರುತ್ತದೆ. ಬಂದಿತ್ತು. 'ಕಮಾನು: ಕೊಟ್ಟವರು ಇಪ್ಪತ್ತಮೂರು. ಸರದಿ: ಕೊಟ್ಟವರು ಒಬ್ಬರು.'

ಎರಡು ಸಲ ಓದಿದೆ. ಹೊಸ ನಿಯಮ ಆಗ ತಲೆಗೆ ಹೋಯಿತು.

"ಇನ್ನೂರ ಹನ್ನೆರಡು ಜನಾನ ನುಂಗಿ ನೀರು ಕುಡಿದ್ರಲ್ಲರೀ," ಅಂದಳು ನಾಗು. ನಗಬೇಕೋ ಅಳಬೇಕೋ ಗೊತ್ತಾಗದೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

"ನೀನೂ ಹಾಕಿದ್ದೆಯಲ್ಲ ಡಬ್ಬಿಗೆ."

"ಹಾಕಿದ್ದೆ. ಒಂದೇ ಕೈ ಅಂದ್ರೆ ಒಂದೇ ತಲೆ ಅಂತ ನನಗೂ ಹೊಳೀಲಿಲ್ಲ. ಈಗ ಆ ತಲೆ ಚಚ್ಚಿಕೋಬೇಕು ಅಷ್ಟೆ."

ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಮಾತು ನಮ್ಮ ಗೋಡೆಗೆ ತಿಳಿಯದು. ನಾನು ಇನ್ನೊಂದು ಲಕ್ಷ ಕೊಟ್ಟರೂ ಅದೇ ಒಂದು ತಲೆ. ಉಳಿದ ದಾರಿ ಒಂದೇ. ಇನ್ನೂರ ಹನ್ನೆರಡು ಜನ ತಮ್ಮ ತಮ್ಮ ಬಾಯಿಂದ ಮತ್ತೊಮ್ಮೆ ಕೊಡಬೇಕು, ಅದೂ ಇವತ್ತು ದೀಪ ಹಚ್ಚುವುದರೊಳಗೆ. ಎಲ್ಲರೂ ಆಗಲೇ ಕೈ ಖಾಲಿ ಮಾಡಿಕೊಂಡಿದ್ದರು, ಆದರೆ ಒಂದು ರೂಪಾಯಿ ಯಾರ ಹತ್ತಿರ ಇಲ್ಲ? ಗಿರಣಿಗೆ ಬೀಗ ಹಾಕಿ ಇಬ್ಬರೂ ಮನೆ ಮನೆ ಹೊರಟೆವು.

ಮೊದಲ ಮನೆಯಲ್ಲೇ ಗೊತ್ತಾಯಿತು ಇದರ ಕಷ್ಟ. ತೊಟ್ಟಿಮನೆಯ ಸಾತಜ್ಜಿ, ಎಂಬತ್ತು ದಾಟಿದವರು, ಬಾಗಿಲಲ್ಲೇ ಕೈ ಆಡಿಸಿದರು. "ನಿನ್ನ ಕೈಲಿ ಇಪ್ಪತ್ತು ರೂಪಾಯಿ ಕೊಟ್ಟೀನಲ್ಲಪ್ಪ. ಈಗ ಒಂದ್ರೂಪಾಯಿ ಅಂತ ಗೋಡೆ ಹತ್ಲಾ? ನಾಳೆ ಮೊಮ್ಮಕ್ಕಳು ಏಣಿ ಹಾಕಿ ನೋಡಿ, ನಮ್ಮಜ್ಜಿ ಎಂಥಾ ಜಿಪುಣಿ ಇದ್ಲು ಅಂತ ನಗಲ್ವಾ?"

ಎರಡನೆಯ ಮನೆಯಲ್ಲೂ ಅದೇ. ಹತ್ತನೆಯದರಲ್ಲೂ ಅದೇ. ಯಾರೂ ಸರದಿ ಬೇಡ ಅನ್ನಲಿಲ್ಲ, ಒಂದು ರೂಪಾಯಿಗೆ ಅವರು ನಾಚುತ್ತಿದ್ದಾಗಲೇ ಅವರ ಫೋನುಗಳು ಒಳಗೆ ಟಿಂಗ್ ಅನ್ನುತ್ತಲೂ ಇದ್ದವು. ಇಪ್ಪತ್ತನೆಯ ಮನೆಯ ಹೊತ್ತಿಗೆ ನಾನು ನಾಗುವಿನ ಮುಖ ನೋಡಿದೆ. "ನೀನಾದರೂ..."

ಅವಳು ತಲೆ ತಗ್ಗಿಸಿದಳು. "ನನ್ನ ತವರಿನ ಗೋಡೆ ಮೇಲೂ ಮೂಡತ್ತಲ್ಲರೀ. ನಮ್ಮತ್ತಿಗೆಗೆ ಅಷ್ಟು ಸಾಕು, ಸಾಯೋತನಕ ಆಡ್ಕೋತಾಳೆ."

ಮಧ್ಯಾಹ್ನಕ್ಕೆ ವನಜಾಕ್ಷಮ್ಮನವರ ಮನೆಗೆ ಹೋದೆ. ತಪ್ಪು ಒಪ್ಪಿಕೊಳ್ಳದೆ ಇರಲಾಗಲಿಲ್ಲ. ಟ್ರಂಕು ತುಂಬಿಸಿ, ಅದರ ಮೇಲೇ ಕೂತು, ಯಾರದೋ ಸೀರೆಗೆ ಕೊನೆಯ ಫಾಲ್ಸ್ ಹಾಕುತ್ತಿದ್ದರು. ಹೇಳಿದೆ. ಡಬ್ಬಿ, ಹನ್ನೊಂದು ಸಾವಿರ, ಒಂದು ತಲೆ. ಆಮೇಲೆ, ಹೇಗೂ ಬಾಯಿ ತೆರೆದದ್ದಾಗಿತ್ತು, ಮಂಟಪದ ವಿಷಯವನ್ನೂ ಹೇಳಿದೆ. ಸರದಿ ಬಂದ ಮೇಲೆ ನಾನು ಒಂದು ಸಂಜೆಯೂ ಮೊದಲ ಪದ್ಯ ತಪ್ಪಿಸಿಕೊಂಡಿಲ್ಲ ಅನ್ನುವುದನ್ನು.

ಅವರು ಸೂಜಿ ನಿಲ್ಲಿಸಿದರು. "ರಂಗಧಾಮಣ್ಣ, ಇಷ್ಟು ವರ್ಷದಲ್ಲಿ ಈ ಬಾಗಿಲು ತಟ್ಟಿದವರೆಲ್ಲ ಸರದಿ ಕೆಟ್ಟಿದೆ ಅಂತಲೇ ಬಂದೋರು. ಚೆನ್ನಾಗಿದೆ ಅಂತ ಹೇಳೋಕೆ ಬಂದೋರು ನೀವೇ ಮೊದಲು." ದಾರ ಹಲ್ಲಿನಲ್ಲಿ ಕಡಿದು ನಕ್ಕರು. "ಹೋಗಿ, ಇವತ್ತು ಮಂಗಳ. ತಡ ಮಾಡ್ಕೋಬೇಡಿ. ಕಮಾನು ಬಂದ್ರೆ ಬರ್ಲಿ ಬಿಡಿ, ಅದರ ಕೆಳಗೇ ಹೋಗೋ ಬಸ್ಸಲ್ಲಿ ಹೋಗ್ತೀನಿ."

ಮಂಟಪದಲ್ಲಿ ಊರೇ ಕೂತಿತ್ತು. ಕೊನೆಯ ಸಂಧಿ ಅಂದರೆ ಹಾಸಿಗೆ ಹಿಡಿದವರನ್ನೂ ಎತ್ತಿಕೊಂಡು ಬರುತ್ತಾರೆ. ವರದಯ್ಯನವರು ಕಣ್ಣು ಮುಚ್ಚಿ ಹಾಡುತ್ತಿದ್ದರು. ಆ ದನಿಗೆ ಮಂಟಪದ ಕಂಬಗಳೂ ಕಿವಿಗೊಟ್ಟಂತೆ ಇರುತ್ತದೆ. ನಾನು ನನ್ನ ಮಾಮೂಲಿ ಕಂಬಕ್ಕೆ ಒರಗಿದೆ, ಆದರೆ ಆವತ್ತು ಒಂದು ಸಾಲೂ ಒಳಗಿಳಿಯಲಿಲ್ಲ. ಬಿಸಿಲು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯುತ್ತಿತ್ತು. ದೀಪದ ಕಂಬಕ್ಕೆ ಎಣ್ಣೆ ಹಾಕಲು ಪೂಜಾರಿ ಎದ್ದರು. ಊರೆಲ್ಲ ಒಂದು ಕಡೆ ಇರುವುದು ಇದೊಂದೇ ಹೊತ್ತು, ಇಲ್ಲಿ ಕೇಳದಿದ್ದರೆ ಇನ್ನೆಲ್ಲೂ ಕೇಳುವ ಹಾಗಿಲ್ಲ. ಆದರೆ ವಾಚನದ ನಡುವೆ ಎದ್ದು ನಿಲ್ಲುವುದು? ಪದ್ಯದ ನಡುವೆ ಕೆಮ್ಮಿದ್ದಕ್ಕೆ ನಮ್ಮಪ್ಪ ನನಗೆ ಒಂದು ಸಲ ಹೊರಗೆ ನಿಲ್ಲುವ ಶಿಕ್ಷೆ ಕೊಟ್ಟಿದ್ದರು. ಕೈ ಮುಗಿದುಕೊಂಡೆ. ಆರನೆಯ ಸಾಲು ಉದ್ದಕ್ಕೆ ಎಳೆದು, ತುದಿಯ ಗುರು ಅಕ್ಷರದ ಮೇಲೆ ನಿಂತು, ವರದಯ್ಯನವರು ಉಸಿರು ತೆಗೆದುಕೊಂಡರು. ಎದ್ದು ನಿಂತೆ.

"ಸ್ವಾಮಿ, ತಪ್ಪಾಯ್ತು. ಒಂದು ಮಾತಿದೆ."

ಹಿಂದಿನಿಂದ ಯಾರೋ, "ಅರೆ, ಗಿರಣಿಯವರಿಗೂ ಬಾಯಿದೆ ಕಣ್ರೋ!" ಅಂದರು. ಹೆಂಗಸರ ಕಡೆ ನಗು ಎದ್ದಿತು. ವರದಯ್ಯನವರು ಕಣ್ಣು ತೆರೆದು ನನ್ನನ್ನು ನೋಡಿ, ತಾಳದ ಕೈ ಎತ್ತಿ ಸುಮ್ಮನಾಗಿಸಿದರು. "ಇಪ್ಪತ್ತು ವರ್ಷದಿಂದ ನನ್ನ ಮಾತು ಕೇಳಿದ್ದಾನೆ. ಒಂದು ಸಲ ನಾವು ಅವನದ್ದು ಕೇಳೋಣ."

ನಾನು ಹೇಳಿದ್ದು ಚೆನ್ನಾಗಿರಲಿಲ್ಲ. ನಡುವೆ ಎರಡು ಸಲ ಮಾತು ತಪ್ಪಿತು, ಹನ್ನೊಂದು ಸಾವಿರಕ್ಕೆ ಹನ್ನೆರಡು ಅಂದೆ. ನಿಮ್ಮನ್ನೆಲ್ಲ ನನ್ನ ಒಂದು ಹೆಸರಿನೊಳಗೆ ಮುಚ್ಚಿಟ್ಟೆ ಅಂದೆ. ಗೋಡೆಗೆ ನಾನೊಬ್ಬನೇ ಕಾಣುತ್ತೇನೆ, ನೀವು ಕಾಣುವುದಿಲ್ಲ; ದೀಪ ಹಚ್ಚುವುದರೊಳಗೆ ನೀವು ಕಾಣಬೇಕು. ನಾನು ಕೊಡಬಹುದಾದದ್ದು ಮುಗಿದಿದೆ, ಇನ್ನು ಕೇಳುವುದೊಂದೇ ಉಳಿದಿರುವುದು ಅಂದೆ. ಮುಗಿಸಿ ನಿಂತೆ.

ಯಾರೂ ಅಲುಗಲಿಲ್ಲ. ಎಲ್ಲರಿಗೂ ಮನಸ್ಸಿತ್ತು, ಅದು ಮುಖಗಳಲ್ಲಿ ಕಾಣುತ್ತಿತ್ತು. ಎಲ್ಲರೂ ಬೇರೆ ಯಾರಾದರೂ ಮೊದಲಾಗಲಿ ಅಂತ ನೆಲ ನೋಡುತ್ತಿದ್ದರು. ಒಂದು ರೂಪಾಯಿಯೊಂದಿಗೆ ಗೋಡೆಯ ಮೇಲೆ ಒಂಟಿಯಾಗಿ ಕೂರಲು ಯಾರಿಗೆ ಧೈರ್ಯ?

ಹೆಂಗಸರ ಕಡೆಯಿಂದ ನಾಗು ಎದ್ದಳು. ಸೊಂಟದ ಚೀಲ ಬಿಚ್ಚಿ, ಬೆರಳಾಡಿಸಿ, ಏನೋ ತೆಗೆದು ಎತ್ತಿ ಹಿಡಿದಳು. "ಸರದಿಗೆ ಎಂಟಾಣೆ ಕೊಟ್ಟೆ!"

ಕೆಮ್ಮಣ್ಣಿನ ವಾಸನೆ ಮೈದಾನಕ್ಕೆಲ್ಲ ಹರಡಿತು. ಮಂಟಪದ ಪೂರ್ವದ ಗೋಡೆಯ ಮೇಲೂ ಮೂಡಿತು. ನಾಗರತ್ನ, ಸರದಿಗೆ, ಎಂಟಾಣೆ. ನಮ್ಮ ಗೋಡೆ ಹುಟ್ಟಿದಾಗಿನಿಂದ ಯಾರೂ ಅಷ್ಟು ಕಡಿಮೆ ಕೊಟ್ಟಿರಲಿಲ್ಲ. ಅವಳ ಅತ್ತಿಗೆ ಎರಡು ಸಾಲು ಹಿಂದೆ ಕೂತಿದ್ದವಳು ಬಾಯಿಗೆ ಸೆರಗು ಹಿಡಿದಳು. ನಾಗು ಅತ್ತ ತಿರುಗಿ ಹೇಳಿದಳು, "ನೋಡಿದ್ರಲ್ಲ? ಊರಿನ ಕಡುಜಿಪುಣಿ ಯಾರು ಅನ್ನೋದು ತೀರ್ಮಾನ ಆಯ್ತು. ಆ ಜಾಗ ನಂದು. ಇನ್ನು ನೀವು ಯಾರು ಒಂದ್ರೂಪಾಯಿ ಕೊಟ್ರೂ ನನಗಿಂತ ದುಪ್ಪಟ್ಟು ಧಾರಾಳಿಗಳು. ಏಳಿ ಮತ್ತೆ!"

ಮೊದಲು ಎದ್ದದ್ದು ಸಾತಜ್ಜಿ. "ಒಂದ್ರೂಪಾಯಿ ಕೊಟ್ಟೆ ಕಣೇ, ನಿನ್ನ ದುಪ್ಪಟ್ಟು!" ಆಮೇಲೆ ಕ್ಷೌರಿಕರು, ಆಮೇಲೆ ಆಸ್ಪತ್ರೆಯ ಆಯಾ, ಆಮೇಲೆ ಯಾರು ಯಾರು ಅಂತ ಹೇಳಲು ನನಗೆ ಸಾಧ್ಯವಿಲ್ಲ. ಸಾಲಾಗಿ ಕೂತವರಿಗೆ ಅಕ್ಕಪಕ್ಕದವರೇ ಸಾಕ್ಷಿ; ಒಬ್ಬರು ಕೊಟ್ಟು ಕೂರುವುದು, ಪಕ್ಕದವರು ಕೇಳಿಸಿಕೊಂಡು ಏಳುವುದು. ಇಲ್ಲದವರಿಗೆ ಕೈಸಾಲ ಕೊಡಲು ಪಕ್ಕದವರು ಹೋದರೆ, "ಬೇಡ ಬೇಡ, ನಂದೇ ಇದೆ," ಎಂದು ಸೀರೆಯ ಗಂಟು ಬಿಚ್ಚುತ್ತಿದ್ದರು. ವರದಯ್ಯನವರು ತಮ್ಮ ಮುಂದಿದ್ದ ತಟ್ಟೆಯಿಂದ ನಾಣ್ಯ ಎತ್ತಿ, "ನಂದು ನಾಲ್ಕಾಣೆ. ನಾಗಮ್ಮ, ನಿನ್ನ ಜಾಗ ಹೋಯಿತು," ಅಂದರು. ಮಂಟಪ ಗೊಳ್ಳೆಂದಿತು. ಅಲ್ಲಿಂದ ಆಟ ತಿರುಗಿ ಯಾರು ಕಡಿಮೆ ಕೊಡುತ್ತಾರೆ ಅನ್ನುವ ಪೈಪೋಟಿ. ಪಂಚಾಕ್ಷರಪ್ಪನವರು ಶಲ್ಯ ಸರಿ ಮಾಡಿಕೊಂಡು ಎದ್ದರು. ಎಲ್ಲರೂ ಅತ್ತ ತಿರುಗಿದರು. "ಕ್ಷೌರಕ್ಕೆ ನಾನೂ ಟಿಂಗ್ ಅಂದಮೇಲೇ ಹೋಗೋನು ಕಣ್ರಯ್ಯ," ಅಂದರು, ಜೇಬು ತಡಕುತ್ತಾ. "ಒಂದು ಐದು ಪೈಸೆ ಇದ್ರೆ ಯಾರಾದ್ರೂ ಚಿಲ್ಲರೆ ಕೊಡ್ರೋ. ನನ್ನ ಹತ್ರ ಬರೀ ನೋಟು." ಐದು ಪೈಸೆ ಸಿಕ್ಕಿತು. ಈಗಲೂ ನಮ್ಮೂರಿನ ಗೋಡೆಯಲ್ಲಿ ಎಲ್ಲಕ್ಕಿಂತ ಸಣ್ಣ ಕೊಡುಗೆ ಊರಿನ ಎಲ್ಲರಿಗಿಂತ ದೊಡ್ಡ ಸಾಹುಕಾರರದು. ಅದನ್ನು ಅವರು ಮನೆಗೆ ಬಂದವರಿಗೆಲ್ಲ ತೋರಿಸುತ್ತಾರೆ.

ವನಜಾಕ್ಷಮ್ಮ ಆ ಹೊತ್ತು ಟ್ರಂಕಿನ ಮೇಲೆ ಒಬ್ಬರೇ ಕೂತಿದ್ದರಂತೆ. ಮೊದಲು ಮಣ್ಣಿನ ವಾಸನೆ ಬಂದು, ಮಳೆಯೇನೋ ಅಂತ ಒಣಹಾಕಿದ ಸೀರೆ ತರಲು ಹಿತ್ತಿಲಿಗೆ ಓಡಿದರಂತೆ. ಹಿಂತಿರುಗಿ ಬರುವ ಹೊತ್ತಿಗೆ ಗೋಡೆಯ ಬುಡ ತುಂಬಿ, ಸಾಲುಗಳು ಮೇಲೇರಲು ಒಂದನ್ನೊಂದು ತಳ್ಳಾಡುತ್ತಿದ್ದವಂತೆ. ಓದುತ್ತಾ ಓದುತ್ತಾ, ಒಂದೊಂದು ಹೆಸರಿಗೂ, ಇವರಿಗೆ ಯಾವಾಗ ಏನು ರಿಪೇರಿ ಮಾಡಿಕೊಟ್ಟೆ ಅಂತ ನೆನಪಾಗುತ್ತಿತ್ತಂತೆ.

ಪೂಜಾರಿ ದೀಪ ಹಚ್ಚಿದರು. ಸರದಿ: ಕೊಟ್ಟವರು ಮುನ್ನೂರ ಹದಿನೇಳು. ಡಬ್ಬಿಗೆ ಹಾಕದೇ ಇದ್ದವರೂ ಕೊಟ್ಟಿದ್ದರು. ಆಮೇಲೆ ವರದಯ್ಯನವರು ನಿಲ್ಲಿಸಿದ್ದ ಪದ್ಯದ ಮುಂದಿನದನ್ನು ಎತ್ತಿಕೊಂಡರು, ಮಂಗಳ ದೀಪದ ಬೆಳಕಿನಲ್ಲೇ ಆಯಿತು, ಮತ್ತು ಆವತ್ತು ಒಂದೊಂದು ಅಕ್ಷರವೂ ನನ್ನೊಳಗೆ ಇಳಿಯಿತು. ಕಮಾನಿಗೂ ಕಣಜ ತನ್ನ ಲೆಕ್ಕಕ್ಕೆ ಬಂದಷ್ಟು ಕೊಟ್ಟಿತು. ಎರಡು ಕಂಬಕ್ಕೆ ಸಾಕಾಯಿತು, ಮೇಲಿನ ಕಮಾನಿಗೆ ಸಾಲಲಿಲ್ಲ. ಆ ಕಂಬಗಳಿಗೆ ಈಗ ಎಮ್ಮೆಗಳು ಮೈ ತಿಕ್ಕಿಕೊಳ್ಳುತ್ತವೆ. ದಾರಿ ತಪ್ಪಿ ಬಂದವರಿಗೆ ಅದೇ ಸ್ವಾಗತ.

ಮಾರನೆಯ ಬೆಳಿಗ್ಗೆ ಬಸ್ಸು ಖಾಲಿ ಹೋಯಿತು. ನಾನು ಗಿರಣಿ ತೆಗೆದು ಬೆಲ್ಟು ಏರಿಸುತ್ತಿದ್ದೆ, ನಾಲ್ಕೈದು ಹೆಂಗಸರು ಡಬ್ಬ ಇಡುತ್ತಿದ್ದರು. ವನಜಾಕ್ಷಮ್ಮ ಬಂದರು. ಕೈಯಲ್ಲಿ ಡಬ್ಬ ಇರಲಿಲ್ಲ.

"ರಂಗಧಾಮಣ್ಣ, ಆ ಹುಡುಗಿ ಹೋಗೋವಾಗ ಒಂದು ಮಾತು ಹೇಳಿದ್ಲು. ಕಣಜದಿಂದ ಬಂದ್ರೆ ಎಲ್ಲ ನೀವೇ ಇಟ್ಕೋಬೇಡಿ ಆಂಟಿ, ನಿಮ್ಮ ಕೆಲಸ ಯಾರ ಕೆಲಸದ ಮೇಲೆ ನಿಂತಿದೆಯೋ ಅವರಿಗೂ ಸ್ವಲ್ಪ ಹರೀಲಿ ಅಂತ." ಡಬ್ಬ ಹಿಡಿದವರ ಕಡೆ ತಿರುಗಿದರು. "ನಿಮ್ಮಲ್ಲಿ ಮೂರು ಜನ ಸ್ವಲ್ಪ ಕೇಳಿಸ್ಕೊಳ್ರಮ್ಮ."

ಒಂದು ಚೀಟಿ ನೋಡಿಕೊಂಡು ಹೇಳಿದರು. ಸರದಿಯೊಳಗಿನ ಗಡಿಯಾರದ ಭಾಗ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ, ಯಾವುದೋ ದ್ವೀಪದಲ್ಲಿರುವ ಒಬ್ಬ ಮೀನುಗಾರನಿಗೆ ಇಷ್ಟು. ಅಕ್ಷರ ಮೂಡಿಸುವ ಭಾಗ ಬರೆದ ಒಬ್ಬ ನಿವೃತ್ತ ಮೇಷ್ಟರಿಗೆ ಇಷ್ಟು. ಅವರನ್ನು ಇವರು ಕಂಡಿಲ್ಲ, ಅವರ ಹೆಸರು ನಾವು ಕೇಳಿಲ್ಲ. ಆದರೂ ಹೆಸರು ಹೆಸರಾಗಿ ಮೂಡಿದವು. ಆಮೇಲೆ ಚೀಟಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಏನನ್ನೂ ನೋಡದೆ ಹೇಳಿದರು. "ಗಿರಣಿ ಚಿಕ್ಕತಿಮ್ಮಯ್ಯನವರಿಗೆ ಒಂದು ರೂಪಾಯಿ ಕೊಟ್ಟೆ."

ನನಗೆ ತಿಳಿಯಲಿಲ್ಲ. "ನಮ್ಮಪ್ಪನಿಗಾ?"

"ಮತ್ತಿನ್ಯಾರಿಗೆ? ಡಬ್ಬ ಇಟ್ಟು ಮನೆಗೆ ಹೋಗು, ನಿನ್ನ ಪದ್ಯ ಬಂದಾಗ ಬಾ ಅಂತ ನನಗೆ ಹೇಳಿಕೊಟ್ಟದ್ದು ಯಾರು? ನಾನು ಏಳು ವರ್ಷದ ಹುಡುಗಿ, ಇಪ್ಪತ್ತೊಂದನೇ ಪದ್ಯ ಬರೋವರೆಗೂ ಕುಂಟಾಬಿಲ್ಲೆ ಆಡ್ತಿದ್ದೆ. ಸರದಿ ಅಂದ್ರೆ ಅಷ್ಟೇ ಅಣ್ಣ. ಪದ್ಯ ಇದ್ದ ಕಡೆ ಟಿಂಗ್ ಇಟ್ಟೆ."

ಗಿರಣಿಯ ಪೂರ್ವದ ಗೋಡೆ ಹಿಟ್ಟು ಹಿಡಿದು ಬೆಳ್ಳಗಿರುತ್ತದೆ. ಟವೆಲ್ಲಿನಿಂದ ಒರೆಸಿದೆ. ಊರಿಗೆ ನಲವತ್ತು ವರ್ಷ ಪದ್ಯ ಹೇಳಿದರೂ ಅಪ್ಪ ಅದನ್ನು 'ಕೊಟ್ಟೆ' ಅಂದವರಲ್ಲ. ಅವರು ಇನ್ನೊಬ್ಬರ ಪರವಾಗಿ ಕೈಯಾದ ಸಾಲುಗಳು ಬೇಕಾದಷ್ಟಿವೆ. ಅವರಿಗೆಂದು ಒಂದೂ ಇರಲಿಲ್ಲ. ಈಗ ಇತ್ತು, ಹಸಿ ಕೆಮ್ಮಣ್ಣಿನಲ್ಲಿ, ಊರಿನ ಎಲ್ಲ ಮನೆಗಳಲ್ಲೂ.

ವನಜಾಕ್ಷಮ್ಮ ರೂಪಾಯಿಯನ್ನು ನನ್ನ ಅಂಗೈಯಲ್ಲಿಟ್ಟರು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕಾಳು ಸುರಿಯುವ ಗೂಡಿನ ಮೇಲಿಟ್ಟು ಸ್ವಿಚ್ಚು ಒತ್ತಿದೆ. ಬೆಲ್ಟು 'ದಡಕ್ ದಡಕ್' ಅಂತ ಹಿಡಿಯಿತು. ಆ ಸದ್ದಿಗೆ ಯಾವಾಗ ಬಾಯಿ ತೆರೆದೆನೋ ನನಗೇ ಗೊತ್ತಾಗಲಿಲ್ಲ. ಎರಡು ಸಾಲು ಒಡಕು ದನಿಯಲ್ಲಿ ಬಂತು, ಮೂರನೆಯ ಸಾಲು ಉದ್ದಕ್ಕೆ ಎಳೆಯುವ ಹೊತ್ತಿಗೆ ಗಂಟಲು ಬಿಟ್ಟುಕೊಂಡಿತು. ಡಬ್ಬದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆರನೆಯದು ಮುಗಿದು ಮುಂದಿನ ಪದ್ಯಕ್ಕೆ ಹೋಗಬೇಕು ಅನ್ನುವಾಗ, ಎದುರಿನ ತೊಟ್ಟಿಮನೆಯ ಬಾಗಿಲು ದಡಾರನೆ ತೆರೆದು ಸಾತಜ್ಜಿ ಹಿಟ್ಟಾದ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಬೀದಿ ದಾಟಿ ಬಂದರು. ಅವರು ಆವತ್ತು ಡಬ್ಬವನ್ನೇ ಇಟ್ಟಿರಲಿಲ್ಲ.

"ಎಷ್ಟನೇ ಪದ್ಯನಪ್ಪಾ ಅದು?" ಎಂದು ಬಾಗಿಲಲ್ಲಿ ಏದುಸಿರು ಬಿಟ್ಟರು. "ನಂದು ಬಂದುಹೋಯ್ತಾ?"

"ಇಲ್ಲ ಅಜ್ಜಿ," ಅಂದೆ. "ಇದು ಮೊದಲನೇದು."